ತಿಪ್ಪೇರುದ್ರಮ್ಮನವರ ಸಮುದ್ರ

ಮೊಳಕಾಲ್ಮೂರಿನ ಹೊನ್ನೂರಸ್ವಾಮಿ ಸಮುದ್ರ ನೋಡಿದವನಲ್ಲ. ನೋಡುವ ಆಸೆಯೂ ಅವನಿಗಿರಲಿಲ್ಲ. ರೇಷ್ಮೆ ಸೀರೆ ನೇಯುವವನಿಗೆ ಮಗ್ಗದ ಗುಂಡಿಯೇ ಲೋಕ. ಕಾಲು ಇಳಿಬಿಟ್ಟು ಕೂತರೆ ಹೊತ್ತು ಮುಳುಗಿದ್ದೂ ತಿಳಿಯುತ್ತಿರಲಿಲ್ಲ. ಆಮೇಲೆ ಕಣ್ಣು ಮಂಜಾಯಿತು. ಸೆರಗಿನ ಬುಟ್ಟಾಗಳು ಕಲಸಿಹೋದವು. ಕೊನೆಗೆ ಬಾಗಿಲ ಬೆಳಕೂ ಆರಿತು. ಡಾಕ್ಟರು ಕಣ್ಣಿನ ನರ ಒಣಗಿದೆ ಎಂದು ಕೈಚೆಲ್ಲಿದರು. ನಲವತ್ತು ದಾಟುತ್ತಲೇ ಅವನು ಮಗ್ಗದಿಂದ ಮೇಲೆದ್ದು ಗೋಡೆಗೆ ಒರಗಿ ಕೂತ. ಮಗ್ಗಕ್ಕೆ ಹೆಂಡತಿ ಲಕ್ಷ್ಮಕ್ಕ ಇಳಿದಳು. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವ ಕೆಲಸ ಇವನ ಪಾಲಿಗೆ ಉಳಿಯಿತು. ಅದನ್ನೂ ಮುಖ ಊದಿಸಿಕೊಂಡೇ ಮಾಡುತ್ತಿದ್ದ. ಯಾರಾದರೂ ಮಾತಾಡಿಸಲು ಬಂದರೆ ನಿದ್ದೆ ಬಂದವನಂತೆ ನಟಿಸುತ್ತಿದ್ದ. ಆ ನಟನೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು ಅನ್ನುವುದು ಅವನೊಬ್ಬನಿಗೆ ಗೊತ್ತಿರಲಿಲ್ಲ.

ತೊಂಬತ್ತೇಳರ ಬೇಸಿಗೆಯಲ್ಲಿ, ಕಣ್ಣಿಲ್ಲದವರಿಗೆ ಪುಸ್ತಕ ಓದಿ ಕೇಳಿಸುವ ಸಂಘವೊಂದು ಅಂಚೆಯಲ್ಲಿ ಅವನಿಗೆ ಕ್ಯಾಸೆಟ್ ಕಳಿಸತೊಡಗಿತು. ಹೆಸರು ಬರೆಸಿದವಳು ಲಕ್ಷ್ಮಕ್ಕ. ಬಂದದ್ದು ಒಂದು ಚಾರಿತ್ರಿಕ ಕಾದಂಬರಿ: ನಾನೂರು ವರ್ಷದ ಹಿಂದೆ ಪಡುವಣ ಕರಾವಳಿಯಲ್ಲಿದ್ದ ಪುಟ್ಟ ಹಡಗುಪಡೆ, ಅದರ ನಾಯಕ, ಪರದೇಶಿ ಹಡಗುಗಳ ಜೊತೆ ಅವನ ಕಾದಾಟ.

"ಹಡಗು ಕಟ್ಕಂಡು ನನಗೇನಾಗ್ಬೇಕು?" ಅಂತ ಹೊನ್ನೂರಸ್ವಾಮಿ ಗೊಣಗಿದ.

"ಬ್ಯಾಡಾದ್ರೆ ಕಿವಿ ಮುಚ್ಕ," ಎಂದು ಲಕ್ಷ್ಮಕ್ಕ ಕ್ಯಾಸೆಟ್ ಹಾಕಿ ಮಗ್ಗಕ್ಕೆ ಇಳಿದಳು.

"ಓದುತ್ತಿರುವವರು ತಿಪ್ಪೇರುದ್ರಮ್ಮ, ಚಳ್ಳಕೆರೆ" ಎಂದಿತು ಒಂದು ದನಿ. ವಯಸ್ಸಾದ ದನಿ, ಅಂಥ ಇಂಪೇನೂ ಇರಲಿಲ್ಲ. ಪಕ್ಕದ ಮನೆಯ ಸುದ್ದಿ ಹೇಳುವಷ್ಟು ಸಾವಧಾನವಾಗಿ ಓದುತ್ತಿತ್ತು. ಆದರೆ ಅಲೆ ಏಳುವಲ್ಲಿ, ದೂರದಲ್ಲಿ ಹಾಯಿ ಕಾಣುವಲ್ಲಿ, ಒಂದು ಉಸಿರಿನಷ್ಟು ಹೊತ್ತು ನಿಲ್ಲುತ್ತಿತ್ತು. ಹಾಗೆ ನಿಂತಾಗಲೆಲ್ಲ ದನಿಯ ಹಿಂದಿನಿಂದ ಸಮುದ್ರ ಕೇಳಿಸುತ್ತಿತ್ತು. ಭೋ ಎಂದು, ಎಡೆಬಿಡದೆ, ಬಹಳ ದೂರದಲ್ಲಿ. ಸಂಘದವರು ಆ ಅಮ್ಮನನ್ನು ಕರಾವಳಿಗೇ ಕರೆದೊಯ್ದು ದಂಡೆಯಲ್ಲಿ ಕೂರಿಸಿ ಓದಿಸಿದ್ದಾರೆಂದು ಹೊನ್ನೂರಸ್ವಾಮಿ ತಿಳಿದ. ಅವನ ಕೈಯಲ್ಲಿದ್ದ ರಾಟೆ ನಿಂತೇಹೋಯಿತು.

ಅಂದಿನಿಂದ ಅವನ ಮಧ್ಯಾಹ್ನಗಳು ನೀರಿನ ಮೇಲೆ ಕಳೆದವು. ಹೊರಗೆ ಬಂಡೆ ಸಿಡಿಯುವ ಬಿಸಿಲು. ಒಳಗೆ ಬೆನ್ನಿಗೆ ತಾಗಿದ ತಣ್ಣನೆಯ ಗೋಡೆ ಮೆಲ್ಲಗೆ ತೂಗುತ್ತಿತ್ತು. ಲಕ್ಷ್ಮಕ್ಕನ ಮಗ್ಗ ಕಿರುಗುಟ್ಟಿದರೆ ಹಡಗಿನ ಮರ ಕಿರುಗುಟ್ಟಿದಂತಾಗುತ್ತಿತ್ತು. ಕಣ್ಣಿದ್ದಾಗ ಅವನು ಒಂದು ಸೀರೆಯ ಅಗಲಕ್ಕಿಂತ ಆಚೆ ಹೆಚ್ಚು ನೋಡಿದವನಲ್ಲ. ಈಗ ಕೊನೆಯಿಲ್ಲದ ನೀಲಿ ಕಾಣುತ್ತಿತ್ತು, ಅದರ ಮೇಲೆ ಬೆಳ್ಳನೆಯ ಹಾಯಿಗಳು ಅವಸರವಿಲ್ಲದೆ ಸಾಗುತ್ತಿದ್ದವು. ಉಣ್ಣುವಾಗ ಹೆಂಡತಿಗೆ ಗಾಳಿಯ ದಿಕ್ಕು ಹೇಳುತ್ತಿದ್ದ. ಅವನು ಎರಡನೇ ಸಲ ಅನ್ನ ಹಾಕಿಸಿಕೊಂಡ ದಿನ ಅವಳು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಕೊನೆಯ ಕ್ಯಾಸೆಟ್ಟಿನ ಪೊಟ್ಟಣ ಮಾತ್ರ ತಿಂಗಳುಗಟ್ಟಲೆ ಬರಲಿಲ್ಲ. ಬಂದಾಗ ಅದರೊಳಗೆ ಬೇರೊಬ್ಬರ ದನಿಯಿತ್ತು. ನುರಿತ ಗಂಡಸು, ತಪ್ಪಿಲ್ಲದ ಉಚ್ಚಾರ. ನಾಯಕನ ಮಾತಿಗೆ ಗುಡುಗಿದ, ಹೆಣ್ಣಿನ ಮಾತಿಗೆ ಕೀರಲಾದ, ಬಿರುಗಾಳಿಯನ್ನು ಬಾಯಲ್ಲೇ ಬೀಸಿದ. ಎಲ್ಲವನ್ನೂ ತಾನೇ ಮಾಡಿ ಮುಗಿಸಿದ ಮೇಲೆ ಕೇಳುವವನಿಗೆ ಮಾಡಲು ಏನು ಉಳಿಯುತ್ತದೆ? ಆ ಗಂಡಸು ಉಸಿರೆಳೆದುಕೊಂಡಾಗ ದನಿಯ ಹಿಂದೆ ಏನೂ ಇರಲಿಲ್ಲ, ಬರೀ ಮುಚ್ಚಿದ ಕೋಣೆ.

"ಲೇ, ಸಮುದ್ರ ಎಲ್ಲಿ ಹೋತು?" ಎಂದ ಹೊನ್ನೂರಸ್ವಾಮಿ. ಟೇಪು ನಿಲ್ಲಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ರಾತ್ರಿ ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ಹಳೆಯ ಕತ್ತಲೆ ಮನೆಗೆ ವಾಪಸು ಬಂತೆಂದು ಲಕ್ಷ್ಮಕ್ಕ ಮಗ್ಗ ಬಿಟ್ಟು ಮೇಲೆದ್ದಳು.

"ಚಳ್ಳಕೆರೆ ಏನು ಕಾಶಿನಾ? ಏಳು, ಆ ಅಮ್ಮನ ಬಾಯಿಂದನೇ ಕೇಳಿಸ್ಕಂಡು ಬರಾನ," ಎಂದು ಅವನನ್ನು ಎಬ್ಬಿಸಿ ಬಸ್ಸು ಹತ್ತಿಸಿದಳು.

ನಾಯಕನಹಟ್ಟಿಯ ಸ್ವಾಮಿಗೆ ನಡೆದುಕೊಂಡು ಮಕ್ಕಳಿಗೂ ಅವನ ಹೆಸರನ್ನೇ ಇಡುವ ಸೀಮೆ ಅದು. ತಿಪ್ಪೇರುದ್ರಮ್ಮ ಎಂದರೆ ಚಳ್ಳಕೆರೆಯಲ್ಲಿ ಬೀದಿಗೊಬ್ಬರು. ಒಬ್ಬರು ಹಪ್ಪಳ ಕೊಳ್ಳಲು ಬಂದವರೆಂದುಕೊಂಡರು, ಇನ್ನೊಬ್ಬರು ಹೆಣ್ಣು ನೋಡಲು ಬಂದವರೆಂದುಕೊಂಡು ಕಾಫಿಗೆ ಇಟ್ಟರು. ಅಂತೂ ಓದುವ ತಿಪ್ಪೇರುದ್ರಮ್ಮನ ಮನೆಯಿದ್ದ ಓಣಿಗೆ ತಿರುಗುತ್ತಲೇ ಹೊನ್ನೂರಸ್ವಾಮಿ ನಿಂತುಬಿಟ್ಟ. ಭೋ ಎಂದು, ಎಡೆಬಿಡದೆ ಕೇಳಿಸುತ್ತಿತ್ತು.

"ಸಮುದ್ರ," ಎಂದ.

ಲಕ್ಷ್ಮಕ್ಕ ಅತ್ತಿತ್ತ ನೋಡಿದಳು. ಸುಳ್ಳು ಹೇಳೋಣವೇ ಎಂದು ಒಂದು ಕ್ಷಣ ಅನ್ನಿಸಿತು. "ಶೇಂಗಾ ಎಣ್ಣೆ ಮಿಲ್ಲು ಐತೆ ಕಣೋ. ಅವ್ರ ಮನೆ ಗೋಡೆಗೆ ಹತ್ಕಂಡೇ ಐತೆ."

ಅವನ ಮುಖ ಕಪ್ಪಿಟ್ಟಿತು. ಇಷ್ಟು ದಿನ ಹಡಗು ಬಿಟ್ಟದ್ದು ಎಣ್ಣೆ ಮಿಲ್ಲಿನ ಮೇಲೆ! ನಾಚಿಕೆ, ಸಿಟ್ಟು ಎರಡೂ ಬಂದವು. ಹಿಂದಿರುಗಲು ಹೊರಟವನ ತೋಳನ್ನು ಹೆಂಡತಿ ಬಿಡಲಿಲ್ಲ.

ಬಾಗಿಲು ತೆರೆದವರು ಸೊಸೆ ತ್ರಿವೇಣಿ. ಬಂದ ಕಾರಣ ಕೇಳಿ ಆಕೆಯ ದನಿ ಇಳಿಯಿತು. "ನಮ್ಮತ್ತೆಗೆ ಗಂಟಲ ಆಪರೇಷನ್ ಆಯ್ತ್ರಿ. ಇನ್ನು ಮಾತೇ ಬರಲ್ಲ ಅಂದಾರೆ. ಅದಕ್ಕೇ ಕೊನೇದು ಬೇರೇರು ಓದಿದ್ದು."

ಹೊನ್ನೂರಸ್ವಾಮಿ ನಡುಮನೆಯಲ್ಲಿ ಕುಸಿದು ಕೂತ. ಅವನಿಗೆ ಅಳು ಬಂತು, ಅತ್ತ. ಎದುರಿನ ಮಂಚದಿಂದ ಟಕ್ ಟಕ್ ಎಂದು ಬೆರಳಗೆಣ್ಣಿನಿಂದ ಮರ ತಟ್ಟಿದ ಸದ್ದಾಯಿತು. "ನನಗೆ ಓದು ಅಂತಾರೆ ಅತ್ತೆ," ಎಂದು ತ್ರಿವೇಣಿ ಪುಸ್ತಕ ತಂದರು.

ಕೊನೆಯ ಭಾಗವನ್ನು ಪೇಪರು ಓದಿದಂತೆ ಗಡಗಡನೆ ಓದಿಕೊಂಡು ಹೋದರು. ಟಕ್. ನಿಂತರು. ಇನ್ನೊಂದು ಟಕ್ ಕೇಳಿದ ಮೇಲೆ ಮುಂದುವರಿದರು. ಮತ್ತೆ ಟಕ್. ಒಂದು ಕಡೆ ಸಾಲನ್ನು ಮತ್ತೆ ಮೊದಲಿನಿಂದ ಓದಿಸಿದ್ದಾಯಿತು, ಸೊಸೆಗೆ ತುಸು ಮುನಿಸೂ ಬಂತು. ಬರಬರುತ್ತಾ ತಟ್ಟುವಿಕೆ ಕಡಿಮೆಯಾಯಿತು. ಎಲ್ಲಿ ನಿಲ್ಲಬೇಕೆಂದು ತ್ರಿವೇಣಿ ಅತ್ತೆಯ ಮುಖ ನೋಡಿಯೇ ತಿಳಿಯತೊಡಗಿದರು. ನಿಂತಲ್ಲೆಲ್ಲ ಗೋಡೆಯಾಚೆ ಭೋ ಎನ್ನುತ್ತಿತ್ತು. ಅದು ಮಿಲ್ಲೆಂದು ಹೊನ್ನೂರಸ್ವಾಮಿಗೆ ಈಗ ಗೊತ್ತಿತ್ತು. ಆದರೂ ನೀಲಿ ಮೆಲ್ಲಗೆ ಹರಡಿಕೊಂಡಿತು, ಹಡಗು ಬಂತು, ಕೂತ ನೆಲ ತೂಗಿತು. ನಾಯಕನ ಹಡಗಿಗೆ ಬೆಂಕಿ ಬಿತ್ತು. ತನ್ನವರನ್ನೆಲ್ಲ ದೋಣಿಗೆ ಇಳಿಸಿ ಅವನೊಬ್ಬನೇ ಮೇಲೆ ಉಳಿದ. ಅಲ್ಲಿ ಓದು ನಿಂತಿತು, ಬಹಳ ಹೊತ್ತು ನಿಂತಿತು. ಆಮೇಲೆ ಹಡಗು ಮುಳುಗಿತು.

ಪುಸ್ತಕ ಮುಚ್ಚಿದ ಸದ್ದಾಯಿತು. ಹೊನ್ನೂರಸ್ವಾಮಿ ತ್ರಿವೇಣಿಯ ಕಡೆ ತಿರುಗಲಿಲ್ಲ. ಮಂಚವಿದ್ದ ದಿಕ್ಕಿಗೆ ಕೈಮುಗಿದ.

"ಚೆನ್ನಾಗಿ ಓದಿದ್ರಿ ಅಮ್ಮಾ," ಎಂದ.

ತಿಪ್ಪೇರುದ್ರಮ್ಮ ಅತ್ತರು. ಸದ್ದಿಲ್ಲದ ಅಳು ಅದು. ಲಕ್ಷ್ಮಕ್ಕ ಬಸ್ಸಿನಲ್ಲಿ ಹೇಳಿದ ಮೇಲೇ ಅವನಿಗೆ ಗೊತ್ತಾಯಿತು.