ಲೆನ್ಸ್ ಒಡೆದದ್ದು ಕುಂಕುಮದಿಂದಲ್ಲ

2018ರಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಹಿರಿಯ ಆಪ್ಟಿಕ್ಸ್ ಎಂಜಿನಿಯರ್ ಆಗಿದ್ದೆ. ನಕ್ಷತ್ರಗಳು ಹುಟ್ಟುವ ಧೂಳಿನ ಮೋಡಗಳಿಂದ ಬರುವ, ಒಂದು ಮಿಲಿಮೀಟರಿಗಿಂತ ಚಿಕ್ಕ ಅಲೆಗಳನ್ನು ಹಿಡಿಯುವ ಸಬ್‌ಮಿಲಿಮೀಟರ್ ಕ್ಯಾಮೆರಾ ಕಟ್ಟುವುದು ನಮ್ಮ ಕೆಲಸ. ಕ್ಯಾಮೆರಾದ ಸ್ವಂತ ಶಾಖವೇ ಆ ಕ್ಷೀಣ ಅಲೆಗಳನ್ನು ಮುಚ್ಚಿಹಾಕುತ್ತದೆ. ಅದಕ್ಕೇ ಲೆನ್ಸುಗಳನ್ನು ಕ್ರಯೋಸ್ಟ್ಯಾಟ್ ಎಂಬ ಪಾತ್ರೆಯೊಳಗಿಟ್ಟು, ಗಾಳಿ ತೆಗೆದು, ಸೊನ್ನೆಗಿಂತ 269 ಡಿಗ್ರಿ ಕೆಳಕ್ಕೆ ತಣಿಸುತ್ತಿದ್ದೆವು.

ಕ್ಯಾಮೆರಾ ಜೋಡಿಸುತ್ತಿದ್ದವನು ಕುಂದಾಣದ ಮುನಿರಾಜು. ಹನ್ನೊಂದು ವರ್ಷ ಗುತ್ತಿಗೆಯ ಮೇಲೆ ದುಡಿದ ಟೆಕ್ನೀಷಿಯನ್. ಆ ವರ್ಷ ಕೆಲಸ ಕಾಯಂ ಆಗುವುದರಲ್ಲಿತ್ತು. ಇಪ್ಪತ್ತು ಸೆಂಟಿಮೀಟರ್ ಅಗಲದ ಸಿಲಿಕಾನ್ ಲೆನ್ಸನ್ನು ನಾನು ವಿನ್ಯಾಸ ಮಾಡಿದ್ದ ಅಲ್ಯೂಮಿನಿಯಂ ಉಂಗುರದಲ್ಲಿ ಕೂರಿಸುವಾಗ ಅವನು ಅನುಮಾನಿಸಿದ.

"ಮೇಡಂ, ಗ್ಯಾಪ್ ಕಮ್ಮಿ ಆಯ್ತೇನೋ ಅನ್ನಿಸ್ತೈತೆ. ಒಂದ್ಸಲ ನೋಡ್ಬಿಡಿ."

"ಡ್ರಾಯಿಂಗ್‌ನಲ್ಲಿ ಇರೋ ಹಾಗೆ ಮಾಡಪ್ಪ. ಲೆಕ್ಕ ನನಗೆ ಬಿಡು," ಎಂದೆ. ಓದಿದ ಕೊಬ್ಬು, ಇನ್ನೇನು!

ಎರಡು ದಿನ ಕಳೆದು ಆಯುಧಪೂಜೆ. ಅಷ್ಟರಲ್ಲಿ ಪಾತ್ರೆಯ ಮುಚ್ಚಳ ಬಿಗಿದು ಗಾಳಿ ತೆಗೆದಾಗಿತ್ತು. ಮುನಿರಾಜು ಪಂಪಿಗೆ, ಸ್ಪ್ಯಾನರುಗಳಿಗೆ, ಪಾತ್ರೆಯ ಹೊರಮೈಗೆ ಕುಂಕುಮವಿಟ್ಟು ಮಂಗಳಾರತಿ ಮಾಡಿದ. ಯಾರೋ ಫೋಟೋ ತೆಗೆದರು. ನಾನೂ ಕೈಮುಗಿದು ಪುರಿ ಕಡಲೆ ತಿಂದೆ. ಆಮೇಲೆ ತಣಿಸಲು ಶುರುಮಾಡಿದೆವು.

ಪರೀಕ್ಷೆಯಲ್ಲಿ ಚಿತ್ರ ಸರಿಯಾಗಿ ಮೂಡಲಿಲ್ಲ. ಪಾತ್ರೆ ಬಿಸಿಯೇರಲು ಬಿಟ್ಟು ತೆರೆದರೆ, ಹದಿನಾಲ್ಕು ತಿಂಗಳು ಕಾದು ತರಿಸಿದ್ದ ಲೆನ್ಸ್ ಎರಡು ಹೋಳು. ಕೂಡಲೇ ಲೆಕ್ಕ ತೆಗೆದು ನೋಡಿದೆ. ಅಂಥ ಚಳಿಗೆ ಆ ಉಂಗುರ 0.8 ಮಿಲಿಮೀಟರ್ ಕುಗ್ಗುತ್ತದೆ. ಸಿಲಿಕಾನ್ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಒಂದೊಂದು ಬದಿಗೂ 0.4ರಂತೆ ಸಡಿಲ ಬಿಡಬೇಕಿತ್ತು. ನಾನು ಎರಡೂ ಬದಿ ಸೇರಿ 0.4 ಬಿಟ್ಟಿದ್ದೆ. ಉಂಗುರವೇ ಲೆನ್ಸನ್ನು ಹಿಂಡಿ ಒಡೆದಿತ್ತು.

ನಿರ್ದೇಶಕರು ತನಿಖೆಗೆ ಮೂವರ ಸಮಿತಿ ಮಾಡಿದರು. ವರದಿ ಬರೆಯುವ ಹೊಣೆ ನನ್ನದೇ! ಸದಸ್ಯರೊಬ್ಬರು ಪೂಜೆಯ ಫೋಟೋ ಮುಂದಿಟ್ಟು, "ಈ ಪುಡಿ ಒಳಗೆ ಹೋಗಿ ಉಂಗುರದ ಸಂದಿಯಲ್ಲಿ ಕೂತಿರಬಹುದಲ್ಲ?" ಎಂದರು. ಬಿಗಿದ ಆ ಪಾತ್ರೆಯೊಳಗೆ ಕೂದಲೆಳೆಯೂ ನುಸುಳದು ಎಂದು ನನಗೆ ಗೊತ್ತಿತ್ತು.

"ಇರಬಹುದು," ಎಂದೆ.

ಮುನಿರಾಜುವನ್ನು ಕರೆಸಿದರು. ಅವನು ಅವರತ್ತ ನೋಡಲೇ ಇಲ್ಲ, ನನ್ನ ಕಡೆಗೇ ತಿರುಗಿದ. "ಮುಚ್ಚಳ ಬಿಗಿದ್ಮೇಲೆ ತಾನೆ ಮೇಡಂ ಕುಂಕುಮ ಇಟ್ಟಿದ್ದು? ನೀವೂ ಅಲ್ಲೇ ಇದ್ರಲ್ಲ. ಒಂದ್ ಮಾತು ಹೇಳಿ."

ನಾನು ತಲೆ ತಗ್ಗಿಸಿ ಫೈಲಿನ ಹಾಳೆ ತಿರುವಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, 'ಜೋಡಣೆಯಲ್ಲಿ ಅಜಾಗರೂಕತೆ' ಎಂದು ವರದಿ ಬರೆದು ಸಹಿ ಹಾಕಿದೆ. ಕಾಯಂ ಆಗುವುದಿರಲಿ, ಅವನ ಗುತ್ತಿಗೆಯೂ ಮುಂದುವರಿಯಲಿಲ್ಲ. ಹೋಗುವ ದಿನ ಎಲ್ಲರಿಗೂ ಹೇಳಿ ಹೋದ, ನನ್ನ ಕೋಣೆಗೆ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆನಲ್ಲ, ಥೂ ನನ್ನ ಜನ್ಮಕ್ಕೆ!

ತಪ್ಪು ಮಾಡಿರಬಹುದಾದವರ ಕೈಗೇ ತನಿಖೆಯ ಪೆನ್ನು ಕೊಡಬಾರದು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ಇನ್ನೊಬ್ಬನ ಅನ್ನ ಕಿತ್ತುಕೊಂಡು. ಎರಡನೆಯ ಲೆನ್ಸ್ ಬಂದಾಗ ಉಂಗುರದ ಸಡಿಲವನ್ನು ಸದ್ದಿಲ್ಲದೆ ದುಪ್ಪಟ್ಟು ಮಾಡಿದೆ. ಅದು ಒಡೆಯಲಿಲ್ಲ, ಎಲ್ಲರೂ ನನ್ನ ಕೈ ಕುಲುಕಿದರು. ಡ್ರಾಯಿಂಗಿನ ಮೂಲೆಯಲ್ಲಿ 'ಬದಲಾವಣೆಗೆ ಕಾರಣ' ಎಂಬ ಕಾಲಂ ಇರುತ್ತದೆ. ಅದರಲ್ಲಿ ನಾನು ಬರೆದದ್ದು: 'ಸುಧಾರಣೆ'.