ಜೋಡಿಯ ಒಂದೆತ್ತು ನಮ್ಮದು

ಮೊನ್ನೆ ಅಡುಗೆಮನೆಯಿಂದ ಹುರಳಿ ಬೇಯುವ ವಾಸನೆ ಬಂತು. ಹೆಂಡತಿ ಸಾರಿಗೆ ಇಟ್ಟಿದ್ದಳು. ನನಗೆ ಮಾತ್ರ ಪಕ್ಕದ ಮನೆಯ ಕಾಕಾನ ನೆನಪಾಗಿ ಊಟ ಸೇರಲಿಲ್ಲ. ಓಡುವ ಎತ್ತುಗಳಿಗೆ ಅವರು ದಿನಾ ಹುರಳಿ ಬೇಯಿಸುತ್ತಿದ್ದರು...

ಹತ್ತಿಮತ್ತೂರಿನ ಸುತ್ತ ಖಾಲಿ ಗಾಡಾ ಓಟವೆಂದರೆ ಕಾಕಾ. ಸೀಟಿ ಊದಿದ ಮೇಲೆ ಒಂದು ನಿಮಿಷದಲ್ಲಿ ಯಾರ ಚಕ್ಕಡಿ ಹೆಚ್ಚು ದೂರ ಹೋಗುತ್ತದೋ ಅವರು ಗೆದ್ದಂತೆ. ಹಾನಗಲ್ಲಿರಲಿ, ಶಿಗ್ಗಾಂವಿ ಇರಲಿ, ಮೊದಲ ಬಹುಮಾನ ಅವರದೇ. ಬಾರಕೋಲು ಮುಟ್ಟುತ್ತಿರಲಿಲ್ಲ, "ನಡೀಪಾ, ನಡಿ" ಎಂದರೆ ಸಾಕು. ಉಳಿದವರು ಎತ್ತಿಗೆ ಬೈಯುವ ಬೈಗುಳವನ್ನು ಅವರು ಮನುಷ್ಯರಿಗೂ ಬೈದವರಲ್ಲ. ಎಡಗಡೆಯ ಎತ್ತು ಅವರದು, ಬಲಗಡೆಯದು ನಮ್ಮದು. ಎರಡೂ ಮನೆಯ ಬಿತ್ತನೆಗೆ ಅದೇ ಜೋಡಿ. ಹೀಗೆ ಕೂಡಿಸಿಕೊಂಡವರು ಒಬ್ಬರನ್ನೊಬ್ಬರು ಕೇಳದೆ ಎತ್ತು ಮಾರುವುದಿಲ್ಲ.

ನಾವು ಟ್ರ್ಯಾಕ್ಟರ್ ತಂದೆವು. ಎತ್ತು ಕೊಟ್ಟುಬಿಡೋಣ ಎಂದವನು ನಾನೇ. ಕಾಕಾನಿಗೆ ಹೇಳು ಎಂದರು ಅಪ್ಪ. ಮುಖ ನೋಡಿ ಹೇಳುವ ಧೈರ್ಯ ಬರದೆ ಇಂದು ನಾಳೆ ಎಂದು ತಳ್ಳಿದೆ. ಅಷ್ಟರಲ್ಲಿ ಎತ್ತು ಕೊಂಡ ಹಿರೇಕೆರೂರು ಕಡೆಯವರು ಟೆಂಪೊ ತಂದು ನಿಲ್ಲಿಸಿದರು.

ಎತ್ತು ಹತ್ತಲೊಲ್ಲದು. ಕೊನೆಗೆ ಕಾಕಾನನ್ನೇ ಕರೆದೆ. ಓಟಕ್ಕೂ ಎತ್ತುಗಳನ್ನು ಟೆಂಪೊದಲ್ಲೇ ಒಯ್ಯುತ್ತಿದ್ದೆವಲ್ಲ, ಅವರು ನಗುತ್ತ ಬಂದರು.

"ಯಾವೂರಾಗ ಐತಿ ತಮ್ಮಾ ಗಾಡಾ? ನನಗ ಹೇಳೇ ಇಲ್ಲಲ್ಲ. ನಿಲ್ಲು, ನನ್ನ ಎತ್ತೂ ಹೊಡಕೊಂಡು ಬರ್ತೇನಿ."

"ಮೊದಲ ಇದನ್ನ ಹತ್ತಸ್ರಿ ಕಾಕಾ" ಎಂದೆ.

ಮೈ ಸವರಿ ಹತ್ತಿಸಿದರು. ಕೊಂಡವ ಹೊಸ ಹಗ್ಗ ಹಿಡಿದು ಮೇಲೇರಿದ. ದನ ಮಾರಿದ ಮನೆಯವರು ತಮ್ಮ ಹಗ್ಗ ತಾವೇ ಇಟ್ಟುಕೊಳ್ಳುವುದು ಪದ್ಧತಿ. ಹೊಸ ಹಗ್ಗ ಕಂಡೊಡನೆ ಕಾಕಾನಿಗೆ ಎಲ್ಲ ತಿಳಿಯಿತು. ಸ್ವಲ್ಪ ಹೊತ್ತು ಎತ್ತಿನ ಬೆನ್ನ ಮೇಲೆ ಕೈಯಿಟ್ಟು ನಿಂತರು... ಆಮೇಲೆ ನಮ್ಮ ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಒಳಗ ಇಡಪಾ. ಲಕ್ಷ್ಮಿ ಮನಿ ಬಿಟ್ಟು ಹೋಗಬಾರ್ದು."

ಮುಂದೆ ಬೇರೆ ಎತ್ತು ಕೂಡಿಸಿ ನೋಡಿದರು, ಹೊಂದಲಿಲ್ಲ. ಓಟಕ್ಕೆ ಇಳಿಯುವುದನ್ನೇ ಬಿಟ್ಟರು. ನನ್ನೊಡನೆ ಮಾತು ಮಾತ್ರ ಬಿಡಲಿಲ್ಲ. ಅದೇ ನನ್ನನ್ನು ಸುಡುತ್ತಿತ್ತು.

ಈಗ ಕಾಕಾ ಇಲ್ಲ. ಊರಿನ ಹುಡುಗರು ಅವರಂತೆಯೇ ಬಾರಕೋಲಿಲ್ಲದೆ ಓಡಿಸುತ್ತಾರೆ, ಗೆದ್ದ ಎತ್ತುಗಳನ್ನು ಮೊದಲು ಅವರ ಬಾಗಿಲಿಗೆ ತರುತ್ತಾರೆ. ನಿನ್ನೆಯೂ ತಂದಿದ್ದರು. ಕಾಕಾನ ಹೆಂಡತಿ ಆರತಿ ತಟ್ಟೆ ಹಿಡಿದು ನಮ್ಮ ಕಟ್ಟೆಯ ಕಡೆ ತಿರುಗಿದರು.

"ನೀನೂ ಬಾರಪಾ. ಅವರ ಗಾಡಾಕ್ಕ ನಿಮ್ಮ ಎತ್ತೂ ಓಡೇತಲ್ಲ."

ಹೋಗಿ ನಿಂತೆ. ತಲೆ ಎತ್ತಲಾಗಲಿಲ್ಲ. ಕಾಕಾ ಒಮ್ಮೆಯಾದರೂ ನನಗೆ ಬೈಯಬೇಕಿತ್ತು.