ಕೇಬಲ್ ಕಿತ್ತು ನೋಡುವ ಕಿರ್ರಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನೀರು ಸರಬರಾಜು ಕಚೇರಿಯ ನೆಲಮಹಡಿಯ ಕೋಣೆಯಲ್ಲಿ ಹೆಂಗಸೊಬ್ಬರು ಸ್ಟೂಲಿನ ಮೇಲೆ ಕೂತಿದ್ದಾರೆ. ಕಬ್ಬಿಣದ ಬೀರುವಿನೊಳಗೆ ಕೈ ಹಾಕಿ, ಚೆನ್ನಾಗಿಯೇ ಕೆಲಸ ಮಾಡುತ್ತಿರುವ ಒಂದು ಕೇಬಲ್ಲನ್ನು ಕಿತ್ತೇಬಿಡುತ್ತಾರೆ. ಹಸಿರು ದೀಪ ಆರುತ್ತದೆ. ಪತ್ರಿಕೆಗೆ ಬರೆಯಲೆಂದು ಬಂದಿರುವ ನನ್ನೆದೆ ಧಸಕ್ಕೆನ್ನುತ್ತದೆ. ಅವರು ಮಾತ್ರ ತೋಳು ಮಡಚಿಕೊಂಡು, ಪಕ್ಕದ ಪುಟ್ಟ ಪೆಟ್ಟಿಗೆಗೆ ಕಿವಿ ಒಡ್ಡಿ, "ಈಗ ಸುಮ್ನಿರಿ ಸಾರ್, ಉಸಿರೂ ಜೋರಾಗಿ ಬಿಡ್ಬೇಡಿ" ಅನ್ನುತ್ತಾರೆ.

ಪೆಟ್ಟಿಗೆ ಕ್ಲಿಕ್ ಅನ್ನುತ್ತದೆ. ಹಳೆಯ ಟೆಲಿಫೋನು ಎತ್ತಿದರೆ ಕೇಳುತ್ತಿತ್ತಲ್ಲ, ಆ ಗುಂಯ್ ಸದ್ದು. ಆಮೇಲೆ ಪಟಪಟ ನಂಬರು ಒತ್ತಿದ ಸದ್ದು. ಅದಾದ ಮೇಲೆ ಬರಬೇಕಾದದ್ದು ಕಿರ್ರ್ ಎಂಬ ಕಿರುಚಾಟ. ಬರುವುದು ಮಾತ್ರ ಟೂಂ, ಟೂಂ, ಟೂಂ. ಎಂಗೇಜು. ಸ್ವಲ್ಪ ಹೊತ್ತು ಬಿಟ್ಟು ಪೆಟ್ಟಿಗೆ ತಾನಾಗೇ ಮತ್ತೆ ಒತ್ತುತ್ತದೆ. ಮತ್ತೆ ಎಂಗೇಜು.

"ಇದೇನಪ್ಪಾ ಇದು, ಬೆಳಗಾಗೆದ್ದು!" ಎಂದು ಅವರು ಹಣೆ ಚಚ್ಚಿಕೊಳ್ಳುತ್ತಾರೆ.

ಇಡೀ ಕಚೇರಿ ಇವರನ್ನು ಕರೆಯುವುದು ಕಿರ್ರಕ್ಕ ಎಂದು. ಐವತ್ತು ದಾಟಿದ, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರುವ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡೇ ಮಾತಾಡಬಲ್ಲ ಹೆಂಗಸು. ಊರ ಟ್ಯಾಂಕಿನ ಪಕ್ಕದಲ್ಲಿರುವ ಈ ಕಚೇರಿಗೂ, ದೂರದ ಗುಡ್ಡಗಳ ಸಂದಿಯಲ್ಲಿರುವ ಪಂಪ್‌ಹೌಸಿಗೂ ನಡುವೆ ಮಾತು ಹರಿಯುವುದು ಎರಡು ರೂಟರುಗಳ ಮೂಲಕ. ಇಲ್ಲೊಂದು, ಅಲ್ಲೊಂದು. ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ಈ ಪೆಟ್ಟಿಗೆ ಹೇಳುತ್ತದೆ, ಆ ಪೆಟ್ಟಿಗೆ ಕೇಳಿಸಿಕೊಂಡು ಪಂಪು ಓಡಿಸುತ್ತದೆ. ಇವೆರಡರ ನಡುವಿನ ಮುಖ್ಯ ಕೇಬಲ್ ಎಲ್ಲಾದರೂ ತುಂಡಾದರೆ ಮಾಮೂಲಿ ಟೆಲಿಫೋನ್ ಲೈನಿನ ಮೇಲೆ ಈ ಪೆಟ್ಟಿಗೆ ಆ ಪೆಟ್ಟಿಗೆಗೆ ಫೋನ್ ಮಾಡಬೇಕು. ಅದೇ ಬ್ಯಾಕಪ್ಪು. ಫೋನ್ ಮಾಡಿಕೊಡುವ ಪುಟ್ಟ ಪೆಟ್ಟಿಗೆಯೇ ಮೋಡೆಮ್ಮು, ಆ ಕಡೆಯ ಮೋಡೆಮ್ಮು ಸಿಕ್ಕಾಗ ಅದು ಕೂಗುವುದೇ ಕಿರ್ರ್. ಅದು ಕೈಕೊಡದಂತೆ ಕಾಯುವುದು ಕಿರ್ರಕ್ಕನ ಕೆಲಸ.

ಈ ಕಾಲದಲ್ಲೂ ಡಯಲ್-ಅಪ್ ಮೋಡೆಮ್ಮಾ ಎಂದು ಮೂಗು ಮುರಿಯಬೇಡಿ. ನಾನೂ ಮುರಿದಿದ್ದೆ. ಪಂಪ್‌ಹೌಸ್ ಇರುವ ಜಾಗದಲ್ಲಿ ಮೊಬೈಲು ಹಿಡಿದು ಮರ ಹತ್ತಿದರೂ ಸಿಗ್ನಲ್ಲು ಸಿಗುವುದಿಲ್ಲ. ಇರುವುದು ಹಳೆಯ ತಾಮ್ರದ ತಂತಿಯೊಂದೇ. ಅಲ್ಲಿನ ಮೇಜಿನ ಮೇಲಿನ ಫೋನು ಕೂಡ ಮುಖ್ಯ ಕೇಬಲ್ಲಿನ ಮೇಲೇ ಓಡುವುದು. ಕೇಬಲ್ ಹೋಯಿತೆಂದರೆ ಅಲ್ಲಿರುವ ಮನುಷ್ಯರೂ ಮೂಕ, ಯಂತ್ರವೂ ಮೂಕ.

ಇವತ್ತು ಆ ಕೇಬಲ್ ಹೋಗಲಿದೆ, ಅದೂ ಹೇಳಿ ಕೇಳಿ. ರಸ್ತೆ ಅಗಲ ಮಾಡುವವರು ಎಂಟು ಗಂಟೆಗೆ ತುಂಡು ಮಾಡಿ, ಹೊಸ ಕೊಳವೆಯಲ್ಲಿ ಎಳೆದು, ಸಂಜೆಯೊಳಗೆ ಕೂಡಿಸುತ್ತಾರಂತೆ. ಅಲ್ಲಿಯತನಕ ಊರಿನ ನೀರು ಈ ಟೂಂ ಟೂಂ ಪೆಟ್ಟಿಗೆಯ ಕೈಯಲ್ಲಿ. ಕಿರ್ರಕ್ಕನಿಗೆ ಊರಿನ ಚಿಂತೆಗಿಂತ ಹತ್ತಿರದ ಚಿಂತೆ ಒಂದಿದೆ. ಅವರ ತಂಗಿ ಇದೇ ಬೆಳಿಗ್ಗೆ ಡಯಾಲಿಸಿಸ್ಸಿಗೆ ಹೋಗಿದ್ದಾಳೆ. ಆ ಯಂತ್ರ ಒಬ್ಬೊಬ್ಬ ರೋಗಿಗೆ ಡ್ರಮ್ಮುಗಟ್ಟಲೆ ನೀರು ಕುಡಿಯುತ್ತದೆ, ಆಸ್ಪತ್ರೆಗೆ ನೀರು ಬರುವುದು ಈ ಟ್ಯಾಂಕಿನಿಂದ.

"ಹೋದ ವರ್ಷ ಹಿಂಗೇ ಕೇಬಲ್ ಹೋಯ್ತು. ಬ್ಯಾಕಪ್ ಏಳ್ಲಿಲ್ಲ. ಯಾರೂ ಬಳಸಲ್ಲ ಅಂತ ಟೆಲಿಫೋನಿನೋರು ಲೈನನ್ನೇ ಕತ್ತರಿಸಿದ್ರು, ನಮಗೆ ಗೊತ್ತೇ ಇರ್ಲಿಲ್ಲ. ಮೋಡೆಮ್ಮಿನ ದೀಪ ಉರೀತಿತ್ತು, ಸರಿಯಾಗಿದೆ ಅಂದ್ಕೊಂಡಿದ್ವಿ. ಆಸ್ಪತ್ರೆಲಿ ನೀರು ನಿಂತು ಎಲ್ಲರನ್ನೂ ಮನೆಗೆ ಕಳಿಸಿದ್ರು. ಅವತ್ತು ರಾತ್ರಿಯೆಲ್ಲಾ ನನ್ನ ತಂಗಿ ದಿಂಬಿಗೆ ಒರಗಿ ಕೂತೇ ಇದ್ಲು, ಮಲಗಿದ್ರೆ ಉಸಿರಾಡಕ್ಕಾಗ್ತಿರ್ಲಿಲ್ಲ. ನಾನು ಪಕ್ಕದಲ್ಲಿ ಕೂತು ಅವಳ ಕಾಲು ನೋಡ್ತಿದ್ದೆ. ಹೆಂಗೆ ಊದಿತ್ತು ಅಂತೀರಿ!"

ಅಂದಾಜಿನ ಮೇಲೆ ಪಂಪು ಓಡಿಸಬಹುದಿತ್ತಲ್ಲ ಎಂದು ಕೇಳಿದೆ. ಅದನ್ನೂ ಅವತ್ತು ಮಾಡಿದ್ದರಂತೆ. ಟ್ಯಾಂಕು ಉಕ್ಕಿ ಹಿಂದಿನ ಓಣಿಯ ಮನೆಗಳಿಗೆ ನೀರು ನುಗ್ಗಿ, ಜನ ಬಂದು ಬಾಯಿಗೆ ಬಂದಂತೆ ಬೈದು ಹೋದರು. ಅಂದಿನಿಂದ ಪಂಪಿಗೆ ಬೀಗ ಹಾಕಿದಂಥ ವ್ಯವಸ್ಥೆ. ನೀರಿನ ಮಟ್ಟ ತಿಳಿಯದಿದ್ದರೆ ಪಂಪು ತಾನಾಗೇ ನಿಲ್ಲುತ್ತದೆ, ಯಾರು ಏನು ಮಾಡಿದರೂ ತಿರುಗುವುದಿಲ್ಲ.

ಅಂದಿನಿಂದಲೇ ಕಿರ್ರಕ್ಕನ ಕೇಬಲ್ ಕೀಳುವ ಚಾಳಿಯೂ ಶುರುವಾದದ್ದು. ಉಳಿದವರು ದೀಪ ನೋಡಿ ತೃಪ್ತರಾಗುತ್ತಾರೆ, ಇವರು ವಾರಕ್ಕೊಮ್ಮೆ ನಿಜವಾಗಿ ಕಿತ್ತು, ಕಿರ್ರ್ ಕೇಳಿ, ಮತ್ತೆ ಸಿಕ್ಕಿಸುತ್ತಾರೆ. ಮೊದಮೊದಲು ಕಚೇರಿ ಹೌಹಾರಿತು. ಇವರ ಮೇಲಿನ ಎಂಜಿನಿಯರು ನಗುತ್ತಾ ಹೇಳುತ್ತಾರೆ: "ಓಡ್ತಿರೋದನ್ನ ನಿಲ್ಲಿಸಿ ನೋಡೋ ಎದೆಗಾರಿಕೆ ನನಗಿಲ್ಲಪ್ಪ. ಅವರು ಕೀಳುವಾಗ ನಾನು ಕಾಫಿಗೆ ಹೋಗ್ಬಿಡ್ತೀನಿ."

ಮುಂಚೆ ಕಿರ್ರಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಾಲ್ ಕೂಡಿಸಿಕೊಡುತ್ತಿದ್ದರು. ಕಾಲ್ ಕೂಡಿಸುವ ಬೋರ್ಡುಗಳು ಮೂಲೆಗೆ ಬಿದ್ದ ಮೇಲೆ ಇಲ್ಲಿಗೆ ಗುತ್ತಿಗೆಯ ಮೇಲೆ ಬಂದರು. ಗುರುತಿನ ಚೀಟಿಯಲ್ಲಿ ಈಗಲೂ "ಸಹಾಯಕಿ" ಅಂತಷ್ಟೇ ಇದೆ. ಯಾರಿಗೆ ಸಹಾಯ ಎಂದು ಅದರಲ್ಲಿ ಬರೆದಿಲ್ಲ. ಹೊಲಿಗೆ ಕೆಲಸದ ಗಂಡ, ಬೆಳಗಿನ ಅಡುಗೆ ಆತನದೇ. ತಂಗಿ ಇವರ ಜೊತೆಗೇ ಇದ್ದಾಳೆ. ಅವಳ ವಿಷಯ ಬಂದರೆ ಅಕ್ಕನ ದನಿ ಬದಲಾಗುತ್ತದೆ, ಮುದ್ದೂ ಇರುತ್ತದೆ, ಬೈಗುಳವೂ ಇರುತ್ತದೆ. "ನೀರು ಕಮ್ಮಿ ಕುಡಿ ಅಂತ ಡಾಕ್ಟ್ರು ಹೇಳಿದ್ರೆ ಕದ್ದು ಐಸ್ ಚೀಪ್ತಾಳೆ ಕಳ್ಳಿ!"

ಈ ಕೆಲಸದಲ್ಲಿ ಕಂಡ ಪಾಡನ್ನು ಹೇಳಿಸಿದರೆ ನಗು ತಡೆಯಲಾಗದು. ಒಮ್ಮೆ ಬ್ಯಾಕಪ್ ದಿನವೂ ಮಧ್ಯಾಹ್ನ ಸಾಯುತ್ತಿತ್ತು. ಹೋಗಿ ನೋಡಿದರೆ ಪಂಪ್‌ಹೌಸಿನ ಕಾವಲುಗಾರ ಮೋಡೆಮ್ಮಿನ ಪ್ಲಗ್ಗು ತೆಗೆದು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾನೆ. ಇನ್ನೊಮ್ಮೆ ಲೈನು ಸುಮ್ಮನೆ ಬಿದ್ದಿದೆಯಲ್ಲ ಎಂದು ಅಲ್ಲಿ ಯಾರೋ ಅದಕ್ಕೊಂದು ಫೋನು ಸಿಕ್ಕಿಸಿ ಬೀಗರ ಜೊತೆ ಮದುವೆ ಮಾತುಕತೆ ನಡೆಸಿದ್ದರು. ಮತ್ತೊಮ್ಮೆ ಒಂದು ಕಡೆ ಪಾಸ್‌ವರ್ಡ್ ಬದಲಾಯಿಸಿ ಇನ್ನೊಂದು ಕಡೆ ಮರೆತಿದ್ದರು. "ಫೋನ್ ಎತ್ತುತ್ತೆ, ಯಾರು ಅಂತ ಕೇಳುತ್ತೆ, ಗುರುತು ಸಿಗ್ಲಿಲ್ಲ ಅಂತ ಇಟ್ಬಿಡುತ್ತೆ. ಹಗಲೆಲ್ಲಾ ಅದೇ ಗೋಳು" ಎನ್ನುತ್ತಾರೆ. ಆದರೆ ಇವತ್ತಿನ ಎಂಗೇಜ್ ಇವು ಯಾವುದೂ ಅಲ್ಲ.

ಕಿರ್ರಕ್ಕ ಮುಖ್ಯ ಕೇಬಲ್ ಮತ್ತೆ ಸಿಕ್ಕಿಸಿ ಪಂಪ್‌ಹೌಸಿಗೆ ಮೇಜಿನ ಫೋನಿನಿಂದ ಕರೆ ಮಾಡುತ್ತಾರೆ. ಎತ್ತಿದ್ದು ಅಲ್ಲಿನ ಆಪರೇಟರು, ಎಲ್ಲರ ಬಾಯಲ್ಲೂ ಪಂಪಣ್ಣ. ವಯಸ್ಸಿನಲ್ಲಿ ಹಿರಿಯ, ಮಾತಿನಲ್ಲಿ ಇನ್ನೂ ಹಿರಿಯ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸುತ್ತದೆ.

"ಪಂಪಣ್ಣ, ಮೋಡೆಮ್ಮಿಂದ ಲೈನ್ ತೆಗೆದು ಹಳೇ ಫೋನಿಗೆ ಹಾಕಿ. ನಾನು ಆ ನಂಬರಿಗೆ ಮಾಡ್ತೀನಿ."

ಮಾಡುತ್ತಾರೆ. ಅಲ್ಲಿ ಗಂಟೆ ಹೊಡೆಯುತ್ತದೆ. "ಹಲೋ, ಯಾರು ಬೇಕಿತ್ತು?" ಎಂದು ಪಂಪಣ್ಣ ಬೇಕೆಂದೇ ಕೇಳುತ್ತಾರೆ. ಅಂದರೆ ಲೈನು ಗಟ್ಟಿಯಾಗಿದೆ. ಮೋಡೆಮ್ಮಿಗೆ ವಾಪಸ್ ಹಾಕಿಸಿ ಇನ್ನೊಮ್ಮೆ ಕೇಬಲ್ ಕಿತ್ತರೆ ಅದೇ ಟೂಂ ಟೂಂ. ಕಿರ್ರಕ್ಕ ಕಣ್ಣು ಮುಚ್ಚಿ ಕೇಳುತ್ತಾ ಕೂರುತ್ತಾರೆ. ನಾನು ಗಡಿಯಾರ ನೋಡುತ್ತೇನೆ. ಅವರು ಮತ್ತೆ ಕೇಬಲ್ ಸಿಕ್ಕಿಸಿ ಫೋನು ಹಿಡಿಯುತ್ತಾರೆ.

"ನಾನು ಕಿತ್ತಾಗ ನಿಮ್ಮ ಮೋಡೆಮ್ಮು ಏನು ಸದ್ದು ಮಾಡ್ತು?"

"ನಂಬರ್ ಒತ್ತೋ ಸದ್ದಮ್ಮ. ಪಟಪಟ ಅಂತ."

"ನಂಬರ್ ಒತ್ತೋ ಸದ್ದಾ? ಅದು ಎತ್ತೋದು ಮಾತ್ರ, ಒತ್ತೋದಲ್ಲ! ಯಾರಿಗ್ರೀ ಫೋನ್ ಮಾಡ್ತಿದೆ ಅದು?"

"ಇನ್ಯಾರಿಗೆ? ನಿನಗೇ!"

ಸಂಗತಿ ಇಷ್ಟು. ಹೋದ ಸಲದ ಪರೀಕ್ಷೆಯಲ್ಲಿ ಬ್ಯಾಕಪ್ ಏಳಲು ಸ್ವಲ್ಪ ಸತಾಯಿಸಿತ್ತು. ಪಂಪಣ್ಣನಿಗೆ ಪಾಪ ಅನ್ನಿಸಿದೆ. ಬೇರೆ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರಿಗೆ ಹೇಳಿ ತಮ್ಮ ಕಡೆಯ ರೂಟರೂ ಫೋನ್ ಮಾಡುವಂತೆ ಮಾಡಿಸಿದ್ದಾರೆ. "ನೀನೊಬ್ಳೇ ಎಷ್ಟು ಅಂತ ಪ್ರಯತ್ನ ಪಡ್ತೀಯ, ನಾವೂ ಈ ಕಡೆಯಿಂದ ಮಾಡಿದ್ರೆ ಬೇಗ ಸಿಗುತ್ತೆ ಅಂತ..." ಕೇಬಲ್ ಕಿತ್ತ ಕೂಡಲೇ ಇದು ಅದಕ್ಕೆ ಮಾಡುತ್ತದೆ, ಅದು ಇದಕ್ಕೆ ಮಾಡುತ್ತದೆ. ಇಬ್ಬರಿಗೂ ಎಂಗೇಜು. ಇಬ್ಬರೂ ಇಟ್ಟು, ಒಂದೇ ಅಳತೆಯಷ್ಟು ಹೊತ್ತು ಕಾದು, ಮತ್ತೆ ಒಟ್ಟಿಗೇ ಮಾಡುತ್ತಾರೆ. ಹೊಸದಾಗಿ ನಿಶ್ಚಯವಾದ ಗಂಡು ಹೆಣ್ಣಿನ ಹಾಗೆ.

"ಅಯ್ಯೋ ಪಂಪಣ್ಣ, ನಿಮ್ಮ ಒಳ್ಳೆತನಕ್ಕಿಷ್ಟು! ಮುಟ್ಬೇಡಿ, ನಾನು ಇಲ್ಲಿಂದಲೇ ಅದನ್ನ ತೆಗೆದು..."

ಮಾತು ಅಲ್ಲೇ ನಿಲ್ಲುತ್ತದೆ. ಸ್ಪೀಕರಿನಲ್ಲಿ ಪಂಪಣ್ಣನ ಉಸಿರೂ ಇಲ್ಲ. ಹಸಿರು ದೀಪ ಆರಿದೆ. ಕೇಬಲ್ಲು ಅಲ್ಲೇ ಸಿಕ್ಕಿಸಿದಂತೇ ಇದೆ, ಯಾರೂ ಕಿತ್ತಿಲ್ಲ. ಇನ್ನೂ ಎಂಟಾಗಿಲ್ಲ. ಬಿಸಿಲೇರುವ ಮುಂಚೆ ಮುಗಿಸಿಬಿಡೋಣ ಎಂದು ರಸ್ತೆಯವರು ಮೊದಲೇ ಕತ್ತರಿ ಹಾಕಿದ್ದಾರೆ!

ನಾನು ಅವರಿಗೆ ಹಿಡಿಶಾಪ ಹಾಕುತ್ತೇನೆ. ಕಿರ್ರಕ್ಕ ಹಾಕುವುದಿಲ್ಲ, ಅವರ ಮುಖ ಬಿಳಿಚಿದೆ. ಅಲ್ಲಿನ ರೂಟರನ್ನು ಇಲ್ಲಿಂದ ಮುಟ್ಟುವ ದಾರಿ ಮುಚ್ಚಿತು. ಪಂಪಣ್ಣನಿಗೆ ಹೇಳುವ ದಾರಿಯೂ ಮುಚ್ಚಿತು. ಜೀಪು ಹತ್ತಿ ಹೋಗಿ ಸರಿಮಾಡುವಷ್ಟರಲ್ಲಿ ಮಧ್ಯಾಹ್ನ. ಪುಟ್ಟ ಪೆಟ್ಟಿಗೆ ತನ್ನ ಪಾಡಿಗೆ ನಂಬರು ಒತ್ತುತ್ತದೆ. ಎಂಗೇಜು. ಕಂಪ್ಯೂಟರಿನಲ್ಲಿ ಟ್ಯಾಂಕಿನ ಚಿತ್ರ ನೀಲಿಯಿಂದ ಹಳದಿಗೆ ತಿರುಗಿದೆ. ಊರೆಲ್ಲಾ ಸ್ನಾನ ಮಾಡುವ ಹೊತ್ತಲ್ಲವೇ, ನೀರು ಇಳಿಯುತ್ತಿದೆ.

"ಅವಳಿಗೆ ಈಗಷ್ಟೇ ಸೂಜಿ ಚುಚ್ಚಿರ್ತಾರೆ" ಎನ್ನುತ್ತಾರೆ ಕಿರ್ರಕ್ಕ. ನನಗೆ ಹೇಳಿದ್ದಲ್ಲ, ಗೋಡೆಗೆ ಹೇಳಿದ್ದು. ನಾನು ನೀರಿನ ಲೋಟ ಮುಂದೆ ಮಾಡುತ್ತೇನೆ. ಅವರು ಅದನ್ನು ನೋಡುವುದೂ ಇಲ್ಲ.

ಇದ್ದಕ್ಕಿದ್ದಂತೆ ಅವರು ಸ್ಟೂಲನ್ನು ಕಂಪ್ಯೂಟರಿನ ಕಡೆ ಎಳೆದುಕೊಳ್ಳುತ್ತಾರೆ. "ಅಲ್ಲಾ ಸಾರ್, ಅವರು ಮಾಡ್ತಾನೇ ಇದ್ದಾರೆ. ಎಂಗೇಜ್ ಮಾಡ್ತಿರೋಳು ನಾನು. ನಾನು ಸುಮ್ನಾದ್ರೆ ಆಯ್ತಲ್ಲ! ಎತ್ತೋದು ಎರಡು ಕಡೆಗೂ ಗೊತ್ತು." ಈ ಕಡೆಯ ರೂಟರಿಗೆ ಇನ್ನು ಫೋನ್ ಮಾಡಬೇಡ ಎಂದು ಎರಡು ಸಾಲು ಒತ್ತುತ್ತಾರೆ. ಪುಟ್ಟ ಪೆಟ್ಟಿಗೆ ಅರ್ಧ ನಂಬರಿಗೇ ಬಾಯಿ ಮುಚ್ಚುತ್ತದೆ.

ಇನ್ನು ಮಾಡಲು ಏನೂ ಇಲ್ಲ. ಎಂಜಿನಿಯರು ಬಾಗಿಲಲ್ಲಿ ಬಂದು ನಿಂತಿದ್ದಾರೆ, ಇವತ್ತು ಕಾಫಿಗೆ ಹೋಗಿಲ್ಲ. ಅಲ್ಲಿನ ಪೆಟ್ಟಿಗೆ ಸೋತು ಸುಮ್ಮನಾಗಿದ್ದರೆ ಎಂದು ನಾನು ಯೋಚಿಸುತ್ತೇನೆ. ಕಿರ್ರಕ್ಕ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಮೋಡೆಮ್ಮನ್ನು ನೋಡುತ್ತಿದ್ದಾರೆ. "ಮಾಡಪ್ಪಾ, ಮಾಡು" ಅಂತ ಮೆಲ್ಲಗೆ ಅನ್ನುತ್ತಾರೆ.

ಮೋಡೆಮ್ಮಿನ ಮೇಲೆ ಒಂದು ದೀಪ ಪಿಳಕ್ ಎನ್ನುತ್ತದೆ. ಕರೆ ಬರುತ್ತಿದೆ! ಕ್ಲಿಕ್ ಎಂದು ಅದು ಎತ್ತಿಕೊಳ್ಳುತ್ತದೆ. ಆಮೇಲೆ ಆ ಕಿರುಚಾಟ, ಕಿರ್ರ್, ಘುಸ್ಸ್, ಮತ್ತೆ ಕಿರ್ರ್. ಜನ್ಮದಲ್ಲಿ ಇಷ್ಟು ಇಂಪಾದ ಸದ್ದು ಕೇಳಿಲ್ಲ ಎಂದು ಬರೆದರೆ ಸಂಪಾದಕರು ಅತಿಶಯೋಕ್ತಿ ಅಂತಾರೆ, ಅಂದುಕೊಳ್ಳಲಿ. ತುಸು ಹೊತ್ತಿನಲ್ಲೇ ಕಂಪ್ಯೂಟರಿನಲ್ಲಿ ಪಂಪಿನ ಗುರುತು ಕೆಂಪಿನಿಂದ ಹಸಿರಾಗುತ್ತದೆ. ಟ್ಯಾಂಕಿನ ಹಳದಿ ಇಳಿಯುವುದು ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ಏರುತ್ತದೆ. ಎಂಜಿನಿಯರು "ಉಸ್ಸಪ್ಪಾ" ಎಂದು ಬಾಗಿಲಿಗೆ ಒರಗುತ್ತಾರೆ.

"ಪಂಪಣ್ಣನ್ನ ಬೈಯೋ ಹಾಗೂ ಇಲ್ಲ, ಹೊಗಳೋ ಹಾಗೂ ಇಲ್ಲ" ಎಂದು ಕಿರ್ರಕ್ಕ ನಗುತ್ತಾರೆ. "ಅವರು ಮಾಡಿದ ತಪ್ಪೇ ಇವತ್ತು ಫೋನ್ ಮಾಡಿದ್ದು. ನಾಳೆ ಹೋಗಿ ತೆಗೀತೀನಿ. ಒಬ್ಬರು ಮಾಡ್ಬೇಕು, ಒಬ್ಬರು ಎತ್ತಬೇಕು, ಅಷ್ಟೇ."

ಭಯ ಆಯಿತಾ ಎಂದು ಕೇಳುತ್ತೇನೆ. "ಆಗದೆ? ಕೈಕಾಲೆಲ್ಲಾ ತಣ್ಣಗಾಗಿತ್ತು" ಎನ್ನುತ್ತಾ ಕೈ ಮುಂದೆ ಚಾಚಿ ತೋರಿಸುತ್ತಾರೆ. ಈಗಲೂ ತಣ್ಣಗೇ ಇದೆ.

ಬಿಸಿಲು ಕಿಟಕಿಗೆ ಬಂದಿದೆ. ಕಿರ್ರಕ್ಕ ಅಲ್ಲಿಂದ ಅಲುಗಿಲ್ಲ, ಸಂಜೆ ಕೇಬಲ್ ಕೂಡುವತನಕ ಅಲುಗುವುದೂ ಇಲ್ಲವಂತೆ. ಅವರ ಮೊಬೈಲು ಬಡಿದುಕೊಳ್ಳುತ್ತದೆ. ಹೆಸರು ನೋಡಿದವರೇ ಒಂದು ಗಳಿಗೆ ಒತ್ತದೆ ಹಿಡಿದುಕೊಂಡಿರುತ್ತಾರೆ. ಆಮೇಲೆ ಒತ್ತುತ್ತಾರೆ. ಆಸ್ಪತ್ರೆಯಿಂದ ತಂಗಿ.

ಅವಳ ದನಿ ಕೋಣೆಗೆಲ್ಲಾ ಕೇಳುವಷ್ಟು ಜೋರು. ಕಿಟಕಿ ಪಕ್ಕದ ಹಾಸಿಗೆ ಇವತ್ತು ಬೇರೆಯವರಿಗೆ ಕೊಟ್ಟಿದ್ದಾರೆ. ಪಕ್ಕದ ಮುದುಕ ಗೊರಕೆ ಹೊಡೆಯುತ್ತಾನೆ. ಇನ್ನೂ ಅರ್ಧವೂ ಆಗಿಲ್ಲ, ಬೇಜಾರು, ಕನ್ನಡಕ ಮರೆತು ಬಂದಿದ್ದಾಳೆ, ಭಾವನ ಕೈಲಿ ಕಳಿಸಬೇಕು. "ಅಕ್ಕಾ, ಕೇಳ್ತಿದೀಯಾ? ನಿನಗೇನು, ಆರಾಮಾಗಿ ಫ್ಯಾನ್ ಕೆಳಗೆ ಕೂತಿರ್ತೀಯ!"

"ಕೇಳ್ತಿದೀನಿ ಕಣೇ. ಕಳಿಸ್ತೀನಿ, ಇಡು" ಎಂದು ಅಕ್ಕ ಫೋನು ಇಡುತ್ತಾರೆ. ಅಂಗೈಯಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ.

"ಹಾಸಿಗೆ, ಗೊರಕೆ, ಕನ್ನಡಕ, ಎಲ್ಲಾ ಹೇಳಿದ್ಲು. ನೀರಿನ ಮಾತೇ ಎತ್ಲಿಲ್ಲ, ನೋಡಿದ್ರಾ ಸಾರ್?"